ಬಿಸಿ ಬೇರೆ, ಸೆಕೆ ಬೇರೆ: ತುಂಬಿದ ಡಾನ್ಸ್ ಹಾಲ್‌ನಲ್ಲಿ ಗಾಳಿಯ ಲೆಕ್ಕ

ಡಾನ್ಸ್ ಸಂಜೆಗಳನ್ನು ನಡೆಸುವವರ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಸ್ವಲ್ಪ ಒಪ್ಪ ಮಾಡಿದ್ದೇನೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಎಂಜಿನಿಯರ್ ಅಲ್ಲ. ಕುಣಿಯೋದರಲ್ಲೂ ಅಷ್ಟಕ್ಕಷ್ಟೇ. ನಮ್ಮ ಗುಂಪಿನಲ್ಲಿ ಹಾಲ್ ನೋಡಿಕೊಳ್ಳುವ ಕೆಲಸ ನನ್ನದು. ಬೀಗ ತೆಗೆಯೋದು, ಕುರ್ಚಿ ಸರಿಸೋದು, ಫ್ಯಾನ್ ಹಾಕೋದು, ಎಲ್ಲರೂ ಹೋದ ಮೇಲೆ ನೆಲ ಒರೆಸೋದು. ಗಾಳಿಯ ವಿಷಯ ನಾನು ಕಲಿತದ್ದು ಆ ನೆಲ ಒರೆಸುತ್ತಲೇ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ಮಳೆಗಾಲ. ಸುಮಾರು 200 ಜನ ಬಂದಿದ್ದರು. ಸದ್ದು ಜಾಸ್ತಿ ಅಂತ ಅಕ್ಕಪಕ್ಕದವರು ಹಿಂದಿನ ಸಲ ದೂರಿದ್ದರಿಂದ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದೆವು. ಎಸಿ ಇದೆಯಲ್ಲ, ಇನ್ನೇನು ಅನ್ನೋ ಧೈರ್ಯ. ಮೂರನೇ ಹಾಡು ಮುಗಿಯುವಷ್ಟರಲ್ಲಿ ಗೋಡೆಯ ದೊಡ್ಡ ಕನ್ನಡಿ ಮಂಜಾಯಿತು. ಅರ್ಧ ಗಂಟೆಗೆ ಸ್ಪೀಕರ್ ಸ್ಟ್ಯಾಂಡಿನ ಕಬ್ಬಿಣದ ಮೇಲೆ ನೀರಿನ ಹನಿ. ನೆಲ ಮುಟ್ಟಿ ನೋಡಿದರೆ ಪಸೆ. ಒಬ್ಬರು ತಿರುಗುವಾಗ ಕಾಲು ಜಾರಿ ಬಿದ್ದು ಪಾದ ಉಳುಕಿಸಿಕೊಂಡರು. ನಾನು ಓಡಿಹೋಗಿ ಎಕ್ಸಾಸ್ಟ್ ಫ್ಯಾನುಗಳನ್ನು ಹಾಕಿದೆ. ಐದೇ ನಿಮಿಷ. ಇಡೀ ಹಾಲ್ ಟಾಯ್ಲೆಟ್ ವಾಸನೆ ಹೊಡೆಯಿತು! ಸೆಕೆಯನ್ನು ಸಹಿಸಿಕೊಂಡಿದ್ದ ಜನ ಇದನ್ನು ಸಹಿಸಲಿಲ್ಲ. ಕಾರ್ಯಕ್ರಮ ಅಲ್ಲಿಗೇ ಮುಗಿಯಿತು.

ಆ ರಾತ್ರಿ ನಾನು ಮಾಡಿದ ತಪ್ಪುಗಳನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ಬಹಳ ದಿನ ಹಿಡಿಯಿತು. ಇವತ್ತಿನ ಮಾತೆಲ್ಲ ಅದೇ.

ಕುಣಿಯುವ ಒಬ್ಬ ಮನುಷ್ಯ ಎಷ್ಟು ಬಿಸಿ ಹೊರಗೆ ಬಿಡುತ್ತಾನೆ? ಸುಮ್ನೆ ಕೂತವರು ಸುಮಾರು 100 ವಾಟ್ ಬಿಡುತ್ತಾರೆ, ಒಂದು ಹಳೇ ಕಾಲದ ಬಲ್ಬಿನಷ್ಟು. ಅಮೆರಿಕದ ಆಶ್ರೇ ಅನ್ನುವ ಎಸಿ ಎಂಜಿನಿಯರುಗಳ ಸಂಘದ ಕೋಷ್ಟಕದಲ್ಲಿ ಸಾಧಾರಣ ವೇಗದ ಡಾನ್ಸಿಗೆ ಒಬ್ಬರಿಗೆ ಸುಮಾರು 250 ವಾಟ್ ಅಂತ ಇದೆ. ಜೋರಾಗಿ ಕುಣಿಯುವವರದ್ದು ಇನ್ನೂ ಜಾಸ್ತಿ. 250ನ್ನೇ ಹಿಡಿಯೋಣ. 200 ಜನ ಅಂದರೆ 50 ಕಿಲೋವಾಟ್. 2 ಕಿಲೋವಾಟಿನ ರೂಮ್ ಹೀಟರ್ 25 ತಂದು ಹಾಲಿನಲ್ಲಿಟ್ಟು ಎಲ್ಲವನ್ನೂ ಹಾಕಿದ ಹಾಗೆ. ಒಂದು ಟನ್ ಎಸಿ ಅಂದರೆ 3.5 ಕಿಲೋವಾಟ್. ಅಂದರೆ ಜನರ ಬಿಸಿ ಒಂದಕ್ಕೇ 14 ಟನ್ ಬೇಕು. ಲೈಟು, ಆಂಪ್ಲಿಫೈಯರ್, ಬಿಸಿಲಿಗೆ ಕಾದ ಛಾವಣಿ ಇವೆಲ್ಲ ಬೇರೆ. ಆವತ್ತು ನಮ್ಮಲ್ಲಿದ್ದದ್ದು 6 ಟನ್.

ಆದರೆ ಆ 250 ವಾಟಿನ ಒಳಗೆ ಇನ್ನೊಂದು ಸಂಗತಿ ಅಡಗಿದೆ. ಅದೇ ಕೋಷ್ಟಕ ಹೇಳುವ ಪ್ರಕಾರ ಅದರಲ್ಲಿ ಬರೀ 90 ವಾಟ್ ಮಾತ್ರ ನೇರವಾಗಿ ಗಾಳಿಯನ್ನು ಬಿಸಿ ಮಾಡುತ್ತದೆ. ಉಳಿದ 160 ವಾಟ್ ಬೆವರು ಮತ್ತು ಉಸಿರಿನ ಆವಿಯಾಗಿ ಹೊರಗೆ ಬರುತ್ತದೆ. ನಮ್ಮ ಭಾಷೆಗೆ ಇದು ಮೊದಲಿಂದಲೂ ಗೊತ್ತು, ಅಲ್ವಾ? ಬಿಸಿ ಬೇರೆ, ಸೆಕೆ ಬೇರೆ. ಒಣ ಬಿಸಿಲಿನಲ್ಲಿ ನಿಂತವನು "ಉರಿ" ಅನ್ನುತ್ತಾನೆ, ಮಳೆ ಬರುವ ಮುಂಚಿನ ಸಂಜೆಯಲ್ಲಿ "ಸೆಕೆ" ಅನ್ನುತ್ತಾನೆ. ಡಾನ್ಸ್ ಹಾಲಿನದ್ದು ಹೆಚ್ಚಿನ ಪಾಲು ಸೆಕೆಯ ತೊಂದರೆ. ನಾವು ಮಾತ್ರ ಅದನ್ನು ಬಿಸಿಯ ತೊಂದರೆ ಅಂದುಕೊಂಡು ರಿಮೋಟಿನಲ್ಲಿ 16 ಒತ್ತುತ್ತಾ ಕೂರುತ್ತೇವೆ.

ಆ ಆವಿಯನ್ನು ನೀರಿನ ಲೆಕ್ಕದಲ್ಲಿ ನೋಡಿ. ಒಂದು ಲೀಟರ್ ಬೆವರು ಆರಬೇಕಾದರೆ ಸುಮಾರು 2,400 ಕಿಲೋಜೂಲ್ ಬಿಸಿಯನ್ನು ಮೈಯಿಂದ ಎಳೆದುಕೊಂಡು ಹೋಗುತ್ತದೆ. 160 ವಾಟ್ ಅಂದರೆ ಒಬ್ಬರಿಂದ ಗಂಟೆಗೆ ಕಾಲು ಲೀಟರಿಗೆ ಸ್ವಲ್ಪ ಕಮ್ಮಿ. 200 ಜನರಿಂದ ಗಂಟೆಗೆ ಸುಮಾರು 47 ಲೀಟರ್. 20 ಲೀಟರಿನ ಎರಡು ನೀರಿನ ಕ್ಯಾನ್ ಕುದಿಸಿ ಹಬೆ ಬಿಟ್ಟು, ಮೂರನೆಯದಕ್ಕೂ ಕೈ ಹಾಕಿದ ಹಾಗೆ. ಪ್ರತಿ ಗಂಟೆ!

ಈ ನೀರು ಹೋಗೋದೆಲ್ಲಿಗೆ? ಹಾಲ್ 15 ಮೀಟರ್ ಉದ್ದ, 10 ಮೀಟರ್ ಅಗಲ, 4 ಮೀಟರ್ ಎತ್ತರ ಅಂತಿಟ್ಟುಕೊಳ್ಳಿ. 600 ಘನ ಮೀಟರ್ ಗಾಳಿ. 32 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 34 ಗ್ರಾಂ ಆವಿ ಹಿಡಿಯುತ್ತದೆ, ಅದಕ್ಕಿಂತ ಜಾಸ್ತಿ ಆಗದು. ಮಳೆಗಾಲದಲ್ಲಿ ಶುರುವಿನಲ್ಲೇ 22 ಗ್ರಾಂ ಇರುತ್ತದೆ. ಉಳಿದ ಜಾಗ 12 ಗ್ರಾಂ. ಹಾಲ್ ಪೂರ್ತಿಗೆ ಏಳು ಲೀಟರ್ ಚಿಲ್ಲರೆ. ಗಂಟೆಗೆ 47 ಲೀಟರ್ ಸುರಿಯುವ ಜನ ಇದನ್ನು ತುಂಬೋಕೆ ಹಿಡಿಯುವುದು ಹತ್ತಿರ ಹತ್ತಿರ 9 ನಿಮಿಷ. ಎರಡು ಮೂರು ಹಾಡು. ನಿಜದಲ್ಲಿ ಬಾಗಿಲ ಸಂದಿಯಿಂದ ಸ್ವಲ್ಪ ಹೋಗುತ್ತದೆ, ಎಸಿ ಸ್ವಲ್ಪ ಎಳೆಯುತ್ತದೆ. ಆದರೂ ನಮ್ಮ ಕನ್ನಡಿ ಮಂಜಾದದ್ದು ಮೂರನೇ ಹಾಡಿಗೆ. ಲೆಕ್ಕ ಅಷ್ಟೇನೂ ತಪ್ಪಿಲ್ಲ.

ಗಾಳಿ ತುಂಬಿಕೊಂಡ ಮೇಲೆ ಬೆವರು ಆರುವುದಿಲ್ಲ, ಸುಮ್ನೆ ಇಳಿಯುತ್ತದೆ. ಇಳಿದ ಬೆವರಿನಿಂದ ಮೈಗೆ ತಂಪಿಲ್ಲ. ಬಟ್ಟೆ ಒದ್ದೆ, ನೆಲ ಒದ್ದೆ, ಒಳಗಿನ ಬಿಸಿ ಮಾತ್ರ ಒಳಗೇ. ಲಿವರ್‌ಪೂಲಿನ ಕ್ಯಾವರ್ನ್ ಕ್ಲಬ್ ನೆಲಮಾಳಿಗೆಯಲ್ಲಿತ್ತು. 1960ರ ದಶಕದ ಶುರುವಿನಲ್ಲಿ ಬೀಟಲ್ಸ್ ಬ್ಯಾಂಡಿನ ಹುಡುಗರು ಅಲ್ಲಿ ಹಾಡುವಾಗ ಗೋಡೆಗಳಿಂದ ನೀರು ಇಳಿಯುತ್ತಿತ್ತು ಅಂತ ಹೋದವರೆಲ್ಲ ನೆನಪಿಸಿಕೊಳ್ಳುತ್ತಾರೆ. ಆ ನೀರು ಬೇರೆಲ್ಲಿಂದಲೂ ಬಂದದ್ದಲ್ಲ, ಜನರ ಮೈಯಿಂದಲೇ. ಹಳೇ ನೆನಪಾಗಿ ಕೇಳೋಕೆ ಚೆನ್ನ. ವೈರಿನ ಪಕ್ಕ ನಿಂತು ಒರೆಸುವವನಿಗೆ ಅಷ್ಟು ಚೆನ್ನಲ್ಲ.

ಈಗ ಎಸಿಗೆ ಬರೋಣ. 1902ರಲ್ಲಿ ವಿಲಿಸ್ ಕ್ಯಾರಿಯರ್ ಅನ್ನುವ ಅಮೆರಿಕದ ಎಂಜಿನಿಯರ್ ತನ್ನ ಮೊದಲ ಎಸಿಯನ್ನು ರೂಪಿಸಿದ್ದು ಯಾರಿಗೂ ತಂಪಾಗಲಿ ಅಂತ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ. ಗಾಳಿಯ ತೇವಕ್ಕೆ ಕಾಗದ ಉಬ್ಬಿ ಕುಗ್ಗಿ, ಒಂದರ ಮೇಲೊಂದು ಅಚ್ಚು ಹಾಕಿದ ಬಣ್ಣಗಳು ಜಾಗ ತಪ್ಪುತ್ತಿದ್ದವು. ತೇವ ತೆಗೆಯೋಕೆ ಹುಟ್ಟಿದ ಯಂತ್ರ ಅದು. ಇವತ್ತೂ ಎಸಿಯ ಅರ್ಧ ಕೆಲಸ ಅದೇ. ಹೊರಗಿನ ಪೈಪಿನಿಂದ ತೊಟ್ಟಿಕ್ಕುವ ನೀರು ಒಳಗಿನ ಸೆಕೆ. ನಾನು ಈಗ ಆ ಪೈಪಿನ ಕೆಳಗೆ ಬಕೆಟ್ ಇಡುತ್ತೇನೆ. ಎಷ್ಟು ತುಂಬಿತು ಅಂತ ನೋಡಿದರೆ ಎಸಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಆದರೆ ಗೋಡೆಗೆ ಹಾಕಿದ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಇದು ಎಷ್ಟು ಜನರಿಗೆ ಗೊತ್ತು, ಕೈ ಎತ್ತಿ ನೋಡೋಣ. ಹೂಂ, ಅರ್ಧದಷ್ಟೂ ಇಲ್ಲ. ಹೊರಗಿನ ಡಬ್ಬಕ್ಕೂ ಒಳಗಿನ ಡಬ್ಬಕ್ಕೂ ನಡುವೆ ಓಡಾಡುವುದು ಗ್ಯಾಸ್, ಗಾಳಿಯಲ್ಲ. ಒಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಒಳಗೇ ಬಿಡುತ್ತದೆ. ಮುಚ್ಚಿದ ಹಾಲಿನಲ್ಲಿ ಎಸಿ ಎಷ್ಟೇ ಇರಲಿ, 200 ಜನ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿರುತ್ತಾರೆ.

ಹಾಗಿದ್ದರೆ ಗಾಳಿ ಹಳಸಿದೆ ಅಂತ ತಿಳಿಯೋದು ಹೇಗೆ? ಜರ್ಮನಿಯ ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಒಂದು ದಾರಿ ತೋರಿಸಿದರು. ಕೋಣೆಯ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸಾವಿರದಲ್ಲಿ ಒಂದು ಪಾಲು, ಅಂದರೆ 1,000 ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಪಾಲು) ದಾಟಿದರೆ ಆ ಗಾಳಿ ಕೆಟ್ಟದ್ದು ಅಂದರು. ಅಷ್ಟು ಕಾರ್ಬನ್ ಡೈಆಕ್ಸೈಡ್ ತಾನೇ ವಿಷ ಅಂತಲ್ಲ. ಜನರ ಮೈಯಿಂದ, ಉಸಿರಿನಿಂದ ಬರುವ ಉಳಿದದ್ದೆಲ್ಲ ಎಷ್ಟು ಸೇರಿದೆ ಅನ್ನೋದಕ್ಕೆ ಅದು ಗುರುತು. ಹೊರಗಿನ ಗಾಳಿಯಲ್ಲಿ ಈಗ 420ರ ಮೇಲಿದೆ. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಅಂಗೈ ಅಗಲದ ಮೀಟರ್ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ನಾನು ಹೇಳುವ ಎಲ್ಲ ಸಾಮಾನಿನಲ್ಲಿ ನಿಜವಾಗಿ ದುಡ್ಡು ಹಾಕಲೇಬೇಕಾದದ್ದು ಅದೊಂದೇ. ಕುಣಿಯುವವರಿದ್ದಾಗ 1,000ದ ಒಳಗೇ ಇರಲಿ ಅಂತ ಹಟ ಹಿಡಿಯಬೇಡಿ, ಕಷ್ಟ. 2,000 ದಾಟಿ ಏರುತ್ತಲೇ ಇದ್ದರೆ ಮಾತ್ರ ಸುಮ್ಮನೆ ಕೂರಬೇಡಿ.

ಇದು ಬರೀ ವಾಸನೆಯ ಮಾತಲ್ಲ. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಚೆಯೊನಾನ್ ನಗರದಲ್ಲಿ ಕೋವಿಡ್ ಹರಡಿದ್ದು ಫಿಟ್‌ನೆಸ್ ಡಾನ್ಸ್ ತರಗತಿಗಳಿಂದ. 12 ಜಾಗ, ಕೊನೆಗೆ ಲೆಕ್ಕಕ್ಕೆ ಸಿಕ್ಕ ಸೋಂಕು 112. ಸುಮಾರು 60 ಚದರ ಮೀಟರಿನ ಕೋಣೆ, 50 ನಿಮಿಷ ಜೋರು ಕುಣಿತ. ಅದೇ ಹೊತ್ತಿನಲ್ಲಿ ಸೋಂಕಿದ್ದ ಒಬ್ಬ ಶಿಕ್ಷಕರು ಯೋಗ ಮತ್ತು ಪಿಲಾಟಿಸ್ ಕೂಡ ಹೇಳಿಕೊಡುತ್ತಿದ್ದರು, ಏಳೆಂಟು ಜನರ ತರಗತಿ. ಅವರಲ್ಲಿ ಯಾರಿಗೂ ಬರಲಿಲ್ಲ. ಏದುಸಿರು ಬಿಡುವ ಕೋಣೆಗೂ ನಿಧಾನ ಉಸಿರಿನ ಕೋಣೆಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಎಷ್ಟು ಗಾಳಿ ಬೇಕು? ಆಶ್ರೇ ಡಾನ್ಸ್ ಮಾಡುವ ಜಾಗಕ್ಕೆ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಿನ ಗಾಳಿ ಅನ್ನುತ್ತದೆ, ನೆಲದ ಅಳತೆಗೆ ಇನ್ನು ಸ್ವಲ್ಪ ಸೇರಿಸಿ. 200 ಜನಕ್ಕೆ ಗಂಟೆಗೆ 7,200 ಘನ ಮೀಟರ್. ನಾನು ಹೇಳಿದ ಹಾಲಿನಲ್ಲಿ ಗಂಟೆಗೆ 12 ಸಲ ಇಡೀ ಗಾಳಿ ಬದಲಾಗಬೇಕು, ಐದು ನಿಮಿಷಕ್ಕೊಮ್ಮೆ. ಸಾಮಾನ್ಯ 300 ಮಿಲಿಮೀಟರ್ ಎಕ್ಸಾಸ್ಟ್ ಫ್ಯಾನ್ ಗಂಟೆಗೆ ಸುಮಾರು 1,000ದಿಂದ 1,800 ಘನ ಮೀಟರ್ ಎಳೆಯುತ್ತದೆ. ಅದೂ ಎದುರಿಗೆ ಏನೂ ಅಡ್ಡ ಇಲ್ಲದಿದ್ದರೆ. ಜಾಲರಿಗೆ ದೂಳು ಕಟ್ಟಿ, ಹಿಂದಿನ ಶಟರ್ ಅರ್ಧ ತುಕ್ಕು ಹಿಡಿದಿದ್ದರೆ ಆ ಸಂಖ್ಯೆ ಮರೆತುಬಿಡಿ. ಅಂದರೆ ಇಂಥವು ಆರೇಳಾದರೂ ಬೇಕು. ನಮ್ಮಲ್ಲಿದ್ದವು ಎರಡು.

"ಹೊರಗೇ ಇಷ್ಟು ಸೆಕೆ ಇದೆ, ಆ ಗಾಳಿ ಒಳಗೆ ತಂದರೆ ಏನು ಪ್ರಯೋಜನ?" ಎಲ್ಲ ಕಡೆ ಕೇಳುವ ಪ್ರಶ್ನೆ ಇದು. ಪ್ರಯೋಜನ ಇದೆ. ಹೊರಗೆ 28 ಡಿಗ್ರಿ, ತೇವ ಶೇಕಡ 80 ಅಂದರೂ ಘನ ಮೀಟರಿಗೆ 22 ಗ್ರಾಂ ಆವಿ. ಒಳಗೆ 32 ಡಿಗ್ರಿ, ಶೇಕಡ 85 ಅಂದರೆ 29 ಗ್ರಾಂ ಹತ್ತಿರ. ಶೇಕಡ ಹೆಚ್ಚುಕಮ್ಮಿ ಒಂದೇ ಕಾಣುತ್ತದೆ, ನೀರು ಮಾತ್ರ ಏಳು ಗ್ರಾಂ ಕಮ್ಮಿ. ಗಂಟೆಗೆ 7,200 ಘನ ಮೀಟರ್ ಬದಲಾದರೆ 50 ಲೀಟರ್ ಹೊರಗೆ ಹೋಯಿತು. ಜನ ಸುರಿಯುವ 47 ಲೀಟರಿಗೆ ಸರಿಹೋಯಿತಲ್ಲ! ಅದಕ್ಕೇ ಶೇಕಡ ನೋಡಬೇಡಿ, ಡ್ಯೂ ಪಾಯಿಂಟ್ ನೋಡಿ ಅಂತ ಹೇಳೋದು. ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ ಅದರ ಆವಿ ಹನಿಯಾಗೋಕೆ ಶುರುವಾಗುತ್ತದೋ ಅದೇ ಡ್ಯೂ ಪಾಯಿಂಟ್. ಒಳಗಿನದಕ್ಕಿಂತ ಹೊರಗಿನ ಡ್ಯೂ ಪಾಯಿಂಟ್ ಕಮ್ಮಿ ಇರುವಷ್ಟು ಹೊತ್ತು ಹೊರಗಿನ ಗಾಳಿ ಸೆಕೆ ಇಳಿಸುತ್ತದೆ. ಮಳೆ ಸುರಿಯುತ್ತಿದ್ದರೂ ಸರಿ. ಹೊರಗೆ 40 ಡಿಗ್ರಿ ಒಣ ಬಿಸಿಲಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಉಸಿರಿಗೆ ಬೇಕಾದಷ್ಟನ್ನೇ ತಂದು ಉಳಿದದ್ದನ್ನು ಎಸಿಗೆ ಬಿಡಬೇಕು.

ಈಗ ಆ ಟಾಯ್ಲೆಟ್ ವಾಸನೆ. ಎಕ್ಸಾಸ್ಟ್ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಕಿಟಕಿ ನಾನೇ ಮುಚ್ಚಿದ್ದೆ. ಫ್ಯಾನಿಗೆ ದಾರಿ ಸಿಕ್ಕಿದ್ದು ಟಾಯ್ಲೆಟ್ಟಿನ ವೆಂಟಿಲೇಟರ್ ಮತ್ತು ಅದರ ಬಾಗಿಲ ಸಂದಿ. ಅಲ್ಲಿಂದಲೇ ಎಳೆದುಕೊಂಡಿತು. ಅದರ ತಪ್ಪೇನಿಲ್ಲ. ಆವತ್ತು ಮುಂಬಾಗಿಲು ಎಳೆದರೆ ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು, ಅದೂ ಗುರುತೇ. ಬಾಗಿಲು ತೆಗೆಯೋಕೆ ಜೋರು ಬೇಕಾದರೆ ಹಾಲ್ ಗಾಳಿಗೆ ಹಸಿದಿದೆ ಅಂತ ತಿಳಿಯಿರಿ.

ಆಮೇಲಿಂದ ನಾನು ಒಂದು ತೆಳು ಕಾಗದದ ಪಟ್ಟಿ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಟಿಶ್ಯೂ ಕಾಗದ, ಬೆರಳಗಲ, ಗೇಣುದ್ದ. ಫ್ಯಾನುಗಳನ್ನೆಲ್ಲ ಹಾಕಿ ಪ್ರತಿ ಬಾಗಿಲು, ಕಿಟಕಿ, ಸಂದಿಯ ಹತ್ತಿರ ಹಿಡಿಯುತ್ತೇನೆ. ಒಳಗೆ ಬಾಗಿದರೆ ಗಾಳಿ ಬರುತ್ತಿದೆ, ಹೊರಗೆ ಬಾಗಿದರೆ ಹೋಗುತ್ತಿದೆ, ನೇರ ನಿಂತರೆ ಆ ಕಿಟಕಿ ತೆರೆದೂ ದಂಡ. ಮೊದಲ ಸಲ ಹೀಗೆ ನೋಡಿದಾಗ ಒಂದು ತಮಾಷೆ ಸಿಕ್ಕಿತು. ಎಕ್ಸಾಸ್ಟ್ ಫ್ಯಾನಿನ ಪಕ್ಕದ ಕಿಟಕಿಯಲ್ಲಿ ಕಾಗದ ರಭಸವಾಗಿ ಒಳಗೆ ಬಾಗಿತು, ಎದುರು ಗೋಡೆಯ ಕಿಟಕಿಯಲ್ಲಿ ಅಲುಗಲೇ ಇಲ್ಲ. ಹೊರಗಿನ ಗಾಳಿ ಪಕ್ಕದ ಕಿಟಕಿಯಲ್ಲಿ ನುಗ್ಗಿ, ಒಂದು ಮೊಳ ಓಡಿ, ಫ್ಯಾನಿನಲ್ಲಿ ಹೊರಗೆ ಹೋಗುತ್ತಿತ್ತು. ನಡುವೆ ಕುಣಿಯುತ್ತಿದ್ದವರಿಗೆ ಅದರ ಸುಳಿವೂ ಇಲ್ಲ. ಆ ಪಕ್ಕದ ಕಿಟಕಿ ಮುಚ್ಚಿದೆ, ಅಷ್ಟೇ. ಎದುರಿನ ಕಾಗದ ಬಾಗಿತು. ಕಿಟಕಿ ಮುಚ್ಚಿದ್ದಕ್ಕೆ ಹಾಲಿಗೆ ಗಾಳಿ ಬಂತು ಅಂದರೆ ನಂಬುತ್ತೀರಾ?

ಹಾಗಾಗಿ ಬರುವ ದಾರಿ ಒಂದು ತುದಿಯಲ್ಲಿ, ಹೋಗುವ ದಾರಿ ಎದುರು ತುದಿಯಲ್ಲಿ, ಜನ ನಡುವೆ. ಬರುವುದು ಕೆಳಗೆ ಇರಲಿ, ಹೋಗುವುದು ಮೇಲೆ ಇರಲಿ, ಯಾಕೆಂದರೆ ಬಿಸಿ ಗಾಳಿ ಮೇಲೇ ಸೇರುತ್ತದೆ. ಬರುವ ದಾರಿ ಸಾಕಷ್ಟು ಅಗಲ ಇರಬೇಕು. ನಮ್ಮ ಲೆಕ್ಕದ ಗಾಳಿಗೆ ಒಂದು ಚದರ ಮೀಟರಾದರೂ ತೆರೆದ ಜಾಗ ಬೇಕು, ಅಂದರೆ ಒಂದು ಬಾಗಿಲಿನ ಅರ್ಧ. ಟಾಯ್ಲೆಟ್ಟಿಗೆ ಅದರದ್ದೇ ಎಕ್ಸಾಸ್ಟ್ ಇಡಿ, ಯಾವಾಗಲೂ ಓಡುತ್ತಿರಲಿ.

ಫ್ಯಾನುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೀಲಿಂಗ್ ಫ್ಯಾನ್ ಆಗಲಿ, ಪೆಡೆಸ್ಟಲ್ ಫ್ಯಾನ್ ಆಗಲಿ ಕೋಣೆಯನ್ನು ತಂಪು ಮಾಡುವುದಿಲ್ಲ, ಮನುಷ್ಯರನ್ನು ಮಾಡುತ್ತದೆ. ಮೈಗೆ ಅಂಟಿಕೊಂಡ ತೇವದ ಗಾಳಿಯನ್ನು ಸರಿಸಿ ಬೆವರು ಆರಿಸುತ್ತದೆ, ಎರಡು ಮೂರು ಡಿಗ್ರಿ ಕಮ್ಮಿಯಾದ ಹಾಗೆ ಅನಿಸುತ್ತದೆ. ಚರ್ಮದ ಬಿಸಿ 35 ಡಿಗ್ರಿ ಆಸುಪಾಸು. ಗಾಳಿ ಅದಕ್ಕಿಂತ ಬಿಸಿಯಿದ್ದು, ಜೊತೆಗೆ ಪೂರ್ತಿ ತೇವವೂ ಇದ್ದರೆ ಫ್ಯಾನಿನಿಂದ ಲಾಭವಿಲ್ಲ. ಇನ್ನು ನೀರು ಹಾಕುವ ಏರ್ ಕೂಲರ್. ಮುಚ್ಚಿದ ಡಾನ್ಸ್ ಹಾಲಿಗೆ ಅದನ್ನು ತರುವವರಿಗೆ ಕೈ ಮುಗಿಯುತ್ತೇನೆ. 47 ಲೀಟರ್ ಸಾಲದು ಅಂತ ಇನ್ನಷ್ಟು ಸುರಿದ ಹಾಗಾಯಿತು.

ಸದ್ದಿನ ಜಗಳ ಮಾತ್ರ ನಿಜವಾದದ್ದು. ಗಾಳಿ ಬರುವ ದಾರಿಯಲ್ಲೇ ಸದ್ದು ಹೊರಗೆ ಹೋಗುತ್ತದೆ. ಇದಕ್ಕೆ ಉಪಾಯ ಡೊಂಕು ದಾರಿ. ಕಿಟಕಿಗೆ ಎರಡು ಮೂರು ತಿರುವಿರುವ ಮರದ ಗೂಡು ಮಾಡಿ, ಒಳಗೋಡೆಗೆಲ್ಲ ಸದ್ದು ಹೀರುವ ದಪ್ಪ ಹೊದಿಕೆ ಹಾಕಿದರೆ ಗಾಳಿ ತಿರುಗಿ ತಿರುಗಿ ಬರುತ್ತದೆ, ಸದ್ದು ಪ್ರತಿ ತಿರುವಿನಲ್ಲೂ ಒಂದಿಷ್ಟು ಸಾಯುತ್ತದೆ. ಹೊದಿಕೆ ಬೆಂಕಿ ಹಿಡಿಯದ ಜಾತಿಯದ್ದಾಗಿರಲಿ. ಬೇಸ್, ಅಂದರೆ ಹಾಡಿನ ಗುಡುಗುವ ತಗ್ಗು ಸದ್ದು, ಮಾತ್ರ ಇದಕ್ಕೆಲ್ಲ ಜಗ್ಗುವುದಿಲ್ಲ, ಅದನ್ನು ಸೌಂಡ್ ಮಿಕ್ಸರಿನಲ್ಲೇ ತಗ್ಗಿಸಬೇಕು. ಡಿಜೆಗಳ ಜೊತೆ ಈ ಮಾತು ಹೇಗೆ ಆಡಬೇಕು ಅನ್ನೋದಕ್ಕೆ ಇನ್ನೊಂದು ಉಪನ್ಯಾಸವೇ ಬೇಕು.

ಕೆಲಸ ಬಹಳಷ್ಟು ಜನ ಬರುವ ಮುಂಚೆಯೇ ಮುಗಿಯಬೇಕು. ಎರಡು ಗಂಟೆ ಮೊದಲೇ ಎಸಿ ಹಾಕಿದರೆ ಗಾಳಿಯ ಜೊತೆ ಗೋಡೆ, ನೆಲ ಎಲ್ಲ ತಣ್ಣಗಾಗುತ್ತವೆ. ಆಮೇಲೆ ಆ ಗೋಡೆಗಳೇ ಸ್ವಲ್ಪ ಹೊತ್ತು ಬಿಸಿ ಕುಡಿಯುತ್ತವೆ. ಹಾಲ್ ತುಂಬಿ ಧಗೆ ಹತ್ತಿದ ಮೇಲೆ ಎಸಿ ಹಾಕೋದು ಅನ್ನ ಸೀದ ಮೇಲೆ ಒಲೆ ಸಣ್ಣ ಮಾಡಿದ ಹಾಗೆ. ಹಳೇ ಹ್ಯಾಲೊಜನ್ ಸ್ಟೇಜ್ ಲೈಟುಗಳಿದ್ದರೆ ತೆಗೆಸಿ. ಒಂದೊಂದು 1,000 ವಾಟಿನವು 12 ಇದ್ದರೆ ಅಲ್ಲಿಗೇ ಮೂರು ಟನ್ನಿಗಿಂತ ಜಾಸ್ತಿ ಎಸಿ ಹೋಯಿತು. ಎಲ್‌ಇಡಿ ಹಾಕಿದರೆ ಇದರಲ್ಲಿ ಬಹುಪಾಲು ಉಳಿಯುತ್ತದೆ.

ಬಿಸಿಯನ್ನು ಹೊರಗೆ ಎಸೆಯೋದೇ ಯಾಕೆ ಅಂತ ಯೋಚಿಸಿದವರೂ ಇದ್ದಾರೆ. ಗ್ಲಾಸ್ಗೋದ ಎಸ್‌ಡಬ್ಲ್ಯುಜಿ3 ಅನ್ನುವ ಕ್ಲಬ್ಬಿನಲ್ಲಿ 2022ರಿಂದ ಕುಣಿಯುವವರ ಬಿಸಿಯನ್ನು ಹೀಟ್ ಪಂಪಿನಿಂದ ಎಳೆದು ಸುಮಾರು 200 ಮೀಟರ್ ಆಳದ 12 ಕೊಳವೆಗಳ ಮೂಲಕ ನೆಲದೊಳಗೆ ಇಡುತ್ತಾರೆ. ಚಳಿಗೆ ಬೇಕಾದಾಗ ಅಲ್ಲಿಂದಲೇ ವಾಪಸು ತೆಗೆಯುತ್ತಾರೆ. ಬಾವಿಯಲ್ಲಿ ಬೆವರಿನ ಬಿಸಿ! ನಮಗೆ ಎಟುಕುವ ಮಾತಲ್ಲ, ಆದರೂ ಕೇಳಿದಾಗಿನಿಂದ ಮನಸ್ಸಿನಿಂದ ಹೋಗಿಲ್ಲ.

ಜನರ ಬಗ್ಗೆ ಎರಡು ಮಾತು. ನಾಲ್ಕೈದು ಜೋರು ಹಾಡಿಗೊಂದು ನಿಧಾನದ್ದು ಹಾಕಿಸಿ, ಹಾಲಿನ ಬಿಸಿಯೂ ಉಸಿರೂ ಇಳಿಯುತ್ತವೆ. ಪಕ್ಕದಲ್ಲಿ ತಂಪಾದ, ಸದ್ದಿಲ್ಲದ ಒಂದು ಕೋಣೆ ಇರಲಿ. ಕುಡಿಯುವ ನೀರು ಪುಕ್ಕಟೆ ಇರಲಿ, ಕಣ್ಣಿಗೆ ಕಾಣುವ ಜಾಗದಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಮದ್ಯ ಕೊಡುವ ಜಾಗಗಳು ಕೇಳಿದವರಿಗೆ ನೀರು ಪುಕ್ಕಟೆ ಕೊಡಬೇಕು ಅಂತ 2010ರಿಂದ ನಿಯಮವೇ ಇದೆ. ಯಾರಾದರೂ ತೊದಲುತ್ತಿದ್ದರೆ, ಎಲ್ಲಿದ್ದೇನೆ ಅಂತ ತಿಳಿಯದ ಹಾಗೆ ನೋಡುತ್ತಿದ್ದರೆ "ಕುಡಿದಿರಬೇಕು" ಅಂತ ಬಿಟ್ಟುಬಿಡಬೇಡಿ. ಮೈ ಬಿಸಿ 40 ಡಿಗ್ರಿ ದಾಟಿದಾಗಲೂ ಹಾಗೇ ಆಗುತ್ತದೆ. ಹೊರಗೆ ಕರೆದೊಯ್ದು, ಮೈ ಒದ್ದೆ ಮಾಡಿ, ಗಾಳಿ ಹಾಕುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿ.

ಕೊನೆಗೆ ಪ್ರಶ್ನೆಗಳು ಬಂದವು. ಒಬ್ಬರು ಕೇಳಿದರು: "ಎಸಿ 16ಕ್ಕೆ ಇಟ್ಟರೆ ಬೇಗ ತಂಪಾಗೋದಿಲ್ವಾ?" ಹಾಲ್ ತುಂಬಿದಾಗ ಎಸಿ ಹೇಗೂ ತನ್ನ ಪೂರ್ತಿ ಶಕ್ತಿಯಲ್ಲೇ ಓಡುತ್ತಿರುತ್ತದೆ. 16 ಇಟ್ಟರೂ ಒಂದೇ, 22 ಇಟ್ಟರೂ ಒಂದೇ. ವ್ಯತ್ಯಾಸ ಗೊತ್ತಾಗೋದು ಜನ ಹೋದ ಮೇಲೆ, ನೆಲ ಒರೆಸುವವನು ನಡುಗುವಾಗ.

ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಎದ್ದು ನಿಂತರು. "ನಮ್ಮದು ನೆಲಮಾಳಿಗೆ. ಕಿಟಕಿ ಇಲ್ಲ. ಒಂದೇ ಬಾಗಿಲು, ಅದೂ ಮೆಟ್ಟಿಲಿಗೆ. ನಾವೇನು ಮಾಡೋದು?"

ಒಂದೇ ಬಾಗಿಲಿದ್ದರೆ ಅದರಲ್ಲೇ ಎರಡು ದಾರಿ ಮಾಡಬೇಕು ಅಂದೆ. ದಪ್ಪ ಬಟ್ಟೆಯ ಮಡಚುವ ಡಕ್ಟ್, ಅಂದರೆ ಗಾಳಿ ಸಾಗಿಸುವ ಕೊಳವೆ, ಸಿಗುತ್ತದೆ. ಅದರ ಒಂದು ತುದಿಗೆ ಜೋರಾದ ಫ್ಯಾನ್ ಕಟ್ಟಿ ಹಾಲಿನ ದೂರದ ಮೂಲೆಯ ಮೇಲ್ಭಾಗದಿಂದ ಗಾಳಿ ಎಳೆದು ಮೆಟ್ಟಿಲ ಮೇಲೆ, ಬೀದಿಯ ತನಕ ಬಿಡಿ. ಬಾಗಿಲಿನಿಂದ ಹೊಸ ಗಾಳಿ ತಾನಾಗಿ ಬರುತ್ತದೆ. ಡಕ್ಟನ್ನು ಗೋಡೆಗೆ ಒತ್ತಿ ಕಟ್ಟಿ, ಜನ ಓಡುವ ದಾರಿಗೆ ಅಡ್ಡ ಬರಬಾರದು.

"ಒಂದು ಡಕ್ಟಿನಲ್ಲಿ ಎಷ್ಟು ಜನಕ್ಕೆ ಆಗುತ್ತೆ?"

ಫ್ಯಾನ್ ನಿಜವಾಗಿ ಗಂಟೆಗೆ 2,000 ಘನ ಮೀಟರ್ ಎಳೆದರೆ ಒಬ್ಬರಿಗೆ 36ರಂತೆ 55 ಜನ, ಅಂದೆ.

"ನಮ್ಮಲ್ಲಿ 120 ಬರ್ತಾರೆ."

ಇಡೀ ಸಭೆ ನಕ್ಕಿತು. ಅವರು ನಗಲಿಲ್ಲ. ಪರ್ಸಿನಿಂದ ಪೆನ್ನು ತೆಗೆದು, 55 ಅಂತ ಅಂಗೈ ಮೇಲೆ ಬರೆದುಕೊಂಡರು. ಒಂದೇ ದಾರಿಯ ನೆಲಮಾಳಿಗೆಯಲ್ಲಿ ಬೆಂಕಿಯ ಲೆಕ್ಕ ಇದಕ್ಕಿಂತಲೂ ಕಮ್ಮಿ ಇರಬಹುದು, ಅಗ್ನಿಶಾಮಕದವರನ್ನು ಕೇಳದೆ ಟಿಕೆಟ್ ಮಾಡಬೇಡಿ ಅಂತ ಅವರಿಗೆ ಹೇಳಿದೆ.